ತಗಡಿನ ಶೆಡ್ಡಿನಲ್ಲಿ ಹಾಡಿನ ಮಾತು ಕೇಳಿಸುವ ಹಾಗೆ ಮಾಡಿದ್ದು

ಕನ್ನಡದಲ್ಲಿ ಹಾಡುವ ಸಣ್ಣ ಬ್ಯಾಂಡ್‌ಗಳನ್ನು ಕೇಳಲು ಹೋದಾಗೆಲ್ಲ ನನಗೆ ಒಂದೇ ಬೇಸರ. ಗಿಟಾರ್ ಕೇಳಿಸುತ್ತದೆ, ಡ್ರಮ್ಸ್ ಎದೆಗೆ ಬಡಿಯುತ್ತದೆ, ಹಾಡಿನ ಮಾತು ಮಾತ್ರ ತಿಳಿಯುವುದಿಲ್ಲ. ನಿದ್ದೆಗೆಟ್ಟು ಸಾಲು ಬರೆದವರಿಗೆ ಇದಕ್ಕಿಂತ ಅನ್ಯಾಯ ಬೇರೆ ಇದೆಯಾ? ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನಲ್ಲಿ ಗೆಳೆಯನ ಲೇತ್ ವರ್ಕ್‌ಶಾಪ್ ಒಂದು ಭಾನುವಾರದ ಮಟ್ಟಿಗೆ ಸಿಕ್ಕಿತು. ಅಲ್ಲಿ ಇಂಥ ಬ್ಯಾಂಡ್‌ಗಳ ಕಾರ್ಯಕ್ರಮ ಮಾಡೋಣ, ಸೌಂಡ್ ನಾನೇ ನೋಡಿಕೊಳ್ಳುತ್ತೇನೆ ಎಂದೆ.

ಥರ್ಮಲ್ ಅಂಡ್ ಎ ಕ್ವಾರ್ಟರ್, ಸ್ವರಾತ್ಮದಂಥ ಬ್ಯಾಂಡ್‌ಗಳು ಬೆಳೆದ ಊರು ಬೆಂಗಳೂರು. ಆದರೂ ಸ್ವಂತ ಹಾಡು ಕಟ್ಟುವ ಹೊಸಬರಿಗೆ ಜಾಗ ಕಡಿಮೆ. ಬ್ಯಾಂಡ್‌ಗಳು ನುಡಿಸುತ್ತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ ಕೂಡ 2019ರಲ್ಲಿ ಮುಚ್ಚಿತು. ಹಾಗಾಗಿ ಜಾಗ ನಾವೇ ಮಾಡಿಕೊಳ್ಳಬೇಕು.

ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟು ಮೊದಲೇ ಅನುಮತಿ ತಗೊಂಡೆವು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಒಂಬತ್ತೂವರೆಗೆ ಮುಗಿಸಿದರೆ ಎಲ್ಲರಿಗೂ ಮೆಟ್ರೋನೂ ಸಿಗುತ್ತದೆ.

ಮೇಲೆ ತಗಡು, ಕೆಳಗೆ ಸಿಮೆಂಟ್ ನೆಲ, ಎದುರುಬದುರು ಬರಿಗೋಡೆ. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸುತ್ತುತ್ತಿತ್ತು. ಶಾಮಿಯಾನದ ಅಂಗಡಿಯಿಂದ ಜಮಖಾನ ತಂದು ನೆಲಕ್ಕೆ ಹಾಸಿದೆವು. ಡ್ರಮ್ಸ್ ಹಿಂದೆ ಹಗ್ಗ ಕಟ್ಟಿ, ಗೋಡೆಗೆ ತಾಗದ ಹಾಗೆ ಎರಡು ಪದರ ಬಟ್ಟೆ ಇಳಿಬಿಟ್ಟೆವು. ಗೋಡೆಗೂ ಬಟ್ಟೆಗೂ ನಡುವೆ ಸ್ವಲ್ಪ ಜಾಗ ಇದ್ದರೆ ಅದು ಸದ್ದನ್ನು ಜಾಸ್ತಿ ಹೀರುತ್ತದೆ. ಆದರೆ ಬೇಸ್, ಅಂದರೆ ತಗ್ಗಿನ ಸದ್ದು, ಇದಕ್ಕೆಲ್ಲ ಬಗ್ಗುವುದಿಲ್ಲ. ಅದನ್ನು ನುಡಿಸುವ ಕಡೆಯೇ ಇಳಿಸಬೇಕು.

ಸಣ್ಣ ಜಾಗದಲ್ಲಿ ಡ್ರಮ್ಸೇ ಅಳತೆಗೋಲು. ಅದರ ಸದ್ದಿಗೆ ಗಿಟಾರ್ ಏರುತ್ತದೆ, ಗಿಟಾರ್‌ಗೆ ಬೇಸ್ ಗಿಟಾರ್, ಕೊನೆಗೆ ಹಾಡುವವರು ಕಿರುಚಬೇಕು. ಅದಕ್ಕೇ ಡ್ರಮ್ಸ್‌ಗೆ ಮೈಕ್ ಇಡಲೇ ಇಲ್ಲ. ಸ್ಪೀಕರ್‌ಗೆ ಹೋಗಿದ್ದು ಹೆಚ್ಚಾಗಿ ದನಿ ಮಾತ್ರ. ಗಿಟಾರ್ ಆಂಪ್‌ಗಳನ್ನು, ಅಂದರೆ ಗಿಟಾರ್ ಸದ್ದು ಏರಿಸುವ ಸ್ಪೀಕರ್ ಪೆಟ್ಟಿಗೆಗಳನ್ನು, ಜನರ ಕಡೆ ಮುಖ ಮಾಡದೆ, ಕುರ್ಚಿಯ ಮೇಲೆ ಓರೆಯಾಗಿಟ್ಟು, ನುಡಿಸುವವರ ಕಿವಿಗೇ ತಿರುಗಿಸಿದೆ. ಆಗ ಅವರೇ ವಾಲ್ಯೂಮ್ ಇಳಿಸುತ್ತಾರೆ.

"ಅಣ್ಣಾ, ಇಷ್ಟು ಕಮ್ಮಿ ಇಟ್ರೆ ಜೋಶ್ ಬರಲ್ಲ," ಎಂದ ಒಬ್ಬ ಗಿಟಾರ್ ಹುಡುಗ.

"ಒಂದು ಹಾಡು ಹೀಗೆ ನುಡಿಸಪ್ಪ, ಆಮೇಲೆ ನೀನೇ ಹೇಳು," ಎಂದೆ. ಅವನು ಮತ್ತೆ ಏರಿಸಲಿಲ್ಲ.

ಹಾಡುವವರಿಗೆ ಶೂರ್ ಎಸ್‌ಎಂ58 ಮೈಕ್. ಇದು ಹಿಂದಿನಿಂದ ಬರುವ ಸದ್ದನ್ನು ಕಡಿಮೆ ಹಿಡಿಯುತ್ತದೆ, ಹಾಗಾಗಿ ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಸರಿಯಾಗಿ ಅದರ ಬೆನ್ನಿಗೇ ಬರಬೇಕು. ಮುಖ್ಯ ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ. ಇಷ್ಟು ಮಾಡಿದರೆ, ಸ್ಪೀಕರ್ ಸದ್ದು ಮತ್ತೆ ಮೈಕ್‌ಗೆ ಹೋಗಿ ಬರುವ ಕುಂಯ್ ಅನ್ನುವ ಕೂಗು ಬಹಳ ಮಟ್ಟಿಗೆ ನಿಲ್ಲುತ್ತದೆ. ಸದ್ದು ಎಷ್ಟು ತಗ್ಗು, ಎಷ್ಟು ಏರು ಅನ್ನುವುದರ ಅಳತೆ ಹರ್ಟ್ಸ್. ದನಿಯಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. 300ರ ಸುತ್ತ ಸ್ವಲ್ಪ ಇಳಿಸಿದೆ, ಗುಂಯ್‌ಗುಡುವುದು ಅಲ್ಲೇ. ಕ, ಚ, ಟ, ಸ ಇವೆಲ್ಲ ಬಿಡಿಬಿಡಿಯಾಗಿ ಕೇಳಬೇಕಾದರೆ 2000ದಿಂದ 4000 ಹರ್ಟ್ಸ್ ನಡುವೆ ಜಾಗ ಬೇಕು. ಗಿಟಾರ್ ಕೂಡ ಅಲ್ಲೇ ಕೂತಿರುತ್ತದೆ. ಅದನ್ನು ಸ್ವಲ್ಪ ಸರಿಸಲು ಆಂಪ್‌ನ ಟ್ರೆಬಲ್, ಅಂದರೆ ಏರು ಸದ್ದು, ಇಳಿಸಲು ಹೇಳಿದೆ. ನನ್ನ ಪ್ರಕಾರ ಅವತ್ತಿನ ದೊಡ್ಡ ಕೆಲಸ ಇದೇ.

ವರ್ಕ್‌ಶಾಪ್‌ನಲ್ಲಿ ತ್ರೀ ಫೇಸ್ ಕರೆಂಟ್ ಇದ್ದದ್ದು ಅನುಕೂಲವಾಯಿತು. ಲೈಟಿನ ಗುರ್ ಸದ್ದು ಸ್ಪೀಕರ್‌ಗೆ ಬರದಿರಲಿ ಅಂತ ಸೌಂಡ್ ಎಲ್ಲ ಒಂದೇ ಫೇಸ್‌ಗೆ, ಲೈಟು ಬೇರೆಯದಕ್ಕೆ.

ಜನ ತುಂಬಿದ ಮೇಲೆ ಶೆಡ್ಡಿನ ಸದ್ದೇ ಬದಲಾಯಿತು. ಮೈ, ಬಟ್ಟೆ ಎಲ್ಲವೂ ಸದ್ದು ಹೀರುತ್ತವಲ್ವಾ, ಮಧ್ಯಾಹ್ನದ ಗದ್ದಲ ಅರ್ಧಕ್ಕೆ ಇಳಿದಿತ್ತು. ದನಿಯನ್ನು ಒಂಚೂರು ಏರಿಸಿದೆ. ಎರಡನೇ ತಂಡದ ಹುಡುಗಿ ಹೊಸ ಹಾಡು ಶುರು ಮಾಡಿದಳು. ಎರಡನೇ ಸಲ ಪಲ್ಲವಿ ಬಂದಾಗ, ಅದುವರೆಗೆ ಆ ಹಾಡನ್ನೇ ಕೇಳಿರದ ಜನ ಜೊತೆಗೆ ಹಾಡುತ್ತಿದ್ದರು. ನನಗೆ ಬೇಕಾಗಿದ್ದು ಅದೇ.

ಬಾಗಿಲಲ್ಲಿ ಬಂದ ದುಡ್ಡಿನಲ್ಲಿ ಬಾಡಿಗೆಗಳನ್ನು ಕಳೆದು, ಉಳಿದದ್ದನ್ನು ಬ್ಯಾಂಡ್‌ಗಳಿಗೆ ಸಮನಾಗಿ ಅಲ್ಲೇ ಹಂಚಿದೆವು.