ಫಾರ್ಮ್ಯಾಟ್ ಹೊಡೆಯದೆ ಆಡ್‌ವೇರ್ ಓಡಿಸಿದ್ದು: ನನ್ನ ಅನುಭವ

ಗದಗ-ಬೆಟಗೇರಿಯಲ್ಲಿ ಪ್ರೆಸ್‌ಗಳಿಗೂ ಡಿಟಿಪಿ ಅಂಗಡಿಗಳಿಗೂ ಬರವಿಲ್ಲ. ಅವರ ಕಂಪ್ಯೂಟರ್ ರಿಪೇರಿಯೇ ನನ್ನ ಹೊಟ್ಟೆಪಾಡು. ಸ್ಕ್ರೀನಿನ ಮೂಲೆಯಲ್ಲಿ ಜಾಹೀರಾತು ಹಾರುತ್ತಿದೆ, ಹೋಮ್ ಪೇಜ್ ತಾನೇ ಬದಲಾಗಿದೆ ಅಂದರೆ ಆಡ್‌ವೇರ್ (ಬೇಡದ ಜಾಹೀರಾತು ತೂರಿಸುವ ಪ್ರೋಗ್ರಾಂ) ಹೊಕ್ಕಿದೆ ಅಂತ ನಮ್ಮ ಕಡೆ ಎಲ್ಲರ ಮದ್ದು ಒಂದೇ, ಫಾರ್ಮ್ಯಾಟ್, ಅಂದರೆ ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಅದು ಬೇಡ, ದಿನದ ಕೆಲಸಕ್ಕೆ ಅಡ್ಮಿನ್ ಅಕೌಂಟೇ (ಏನು ಬೇಕಾದರೂ ಬದಲಿಸುವ ಹಕ್ಕಿರುವ ಖಾತೆ) ಕೊಡಬಾರದು ಅಂದಾಗ ಜೊತೆಯವರು ನಕ್ಕರು. "ಫಾರ್ಮ್ಯಾಟ್ ಹೊಡದು ರೊಕ್ಕ ತಗೊಂಡು ಬರೋದು ಬಿಟ್ಟು ಸುಮ್ನ ಯಾಕ ತಲಿ ಕೆಡಿಸ್ಕೋತಿ ದೋಸ್ತ?" ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ರೊಕ್ಕದ ಲೆಕ್ಕ ನೋಡಿ. ಫಾರ್ಮ್ಯಾಟ್‌ಗೆ ನಾನೂರು ರೂಪಾಯಿ ಆಸುಪಾಸು ಸಿಗುತ್ತಿತ್ತು. ಪುಟ ಕಟ್ಟುವ ಪೇಜ್‌ಮೇಕರ್, ಡಿಸೈನಿನ ಕೋರಲ್, ಕನ್ನಡ ಟೈಪಿಂಗಿನ ನುಡಿ, ಪ್ರಿಂಟರ್ ಡ್ರೈವರ್ ಎಲ್ಲಾ ಮತ್ತೆ ಹಾಕಲು ಅರ್ಧ ದಿನ. ತಿಂಗಳೊಳಗೆ ಅದೇ ಜಾಹೀರಾತು ವಾಪಸ್. ಎರಡನೇ ಸಲ ಯಾರು ದುಡ್ಡು ಕೊಡ್ತಾರೆ?

ವಾಪಸ್ ಬರುವ ದಾರಿ ಹುಡುಕಿದೆ. ಒಂದು, ಕ್ರೋಮ್ ಸಿಂಕ್, ಅಂದರೆ ಬ್ರೌಸರ್‌ನ ಸೆಟ್ಟಿಂಗ್‌ಗಳನ್ನು ಗೂಗಲ್ ಖಾತೆಯಲ್ಲಿ ಉಳಿಸಿ ವಾಪಸ್ ತರುವ ಸೌಲಭ್ಯ. ಫಾರ್ಮ್ಯಾಟ್ ಆದಮೇಲೆ ಮಾಲೀಕರು ತಮ್ಮ ಜಿಮೇಲ್ ಹಾಕಿದ ಕೂಡಲೇ ಕೆಟ್ಟ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಅಂಟಿಕೊಳ್ಳುವ ಚಿಕ್ಕ ಪ್ರೋಗ್ರಾಂ) ತಾನೇ ಬಂದು ಕೂರುತ್ತಿತ್ತು. ಇನ್ನೊಂದು, ಡಿ ಡ್ರೈವ್‌ನಲ್ಲಿ ಎಲ್ಲರ ಹತ್ತಿರವೂ ಇರುವ 'ಸೆಟಪ್' ಫೋಲ್ಡರ್. ಅದರಲ್ಲಿರುವ ಕ್ರ್ಯಾಕ್‌ಗಳೇ (ದುಡ್ಡಿನ ಸಾಫ್ಟ್‌ವೇರಿನ ಬೀಗ ಒಡೆಯುವ ಫೈಲ್‌ಗಳು) ರೋಗದ ಬೇರು. ನುಡಿಯನ್ನು ಕನ್ನಡ ಗಣಕ ಪರಿಷತ್ತು ಪುಕ್ಕಟೆ ಕೊಡುತ್ತದೆ. ಆದರೂ ಕಂಡ ಕಂಡ ಸೈಟಿನ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿ ಏನೇನೋ ಇಳಿಸಿಕೊಳ್ಳುತ್ತಾರೆ.

ಒಂದು ಝೆರಾಕ್ಸ್ ಅಂಗಡಿಯ ಮಷಿನ್ ಬಹಳ ಕಾಡಿತು. ಎಕ್ಸ್‌ಟೆನ್ಷನ್ ತೆಗೆಯುವ ಬಟನ್ ಒತ್ತಲಿಕ್ಕೇ ಬರುತ್ತಿರಲಿಲ್ಲ. ಕ್ರೋಮ್ ಮೆನುವಿನ ಕೆಳಗೆ ನೋಡಿದರೆ, 'ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ' ಎನ್ನುವ ಅರ್ಥದ ಇಂಗ್ಲಿಷ್ ಸಾಲು. ಗಂಡ-ಹೆಂಡತಿ ನಡೆಸುವ ಅಂಗಡಿಗೆ ಯಾವ ಸಂಸ್ಥೆ? ಆಡ್‌ವೇರ್ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತ) ಪಾಲಿಸಿ, ಅಂದರೆ ಕಂಪನಿಗಳು ಹಾಕುವಂಥ ಕಡ್ಡಾಯ ನಿಯಮ ಬರೆದು ಎಕ್ಸ್‌ಟೆನ್ಷನ್ನನ್ನು ಬಿಗಿದು ಕಟ್ಟಿತ್ತು. ರಿಜಿಸ್ಟ್ರಿಯ ಆ ನಮೂದು ಅಳಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ಹಾಜರ್! ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ತೆರೆದರೆ ಅಪ್‌ಡೇಟ್ ಅನ್ನೋ ಹೆಸರಿಟ್ಟುಕೊಂಡ ಒಂದು ಟಾಸ್ಕ್. ಲಾಗಿನ್ ಆದಾಗೆಲ್ಲ ಆಪ್‌ಡೇಟಾ (ಪ್ರತಿ ಬಳಕೆದಾರನ ಸ್ವಂತ ಫೋಲ್ಡರ್) ಒಳಗಿನ ಫೈಲ್ ಓಡಿಸುತ್ತಿತ್ತು. ಅವತ್ತಿನಿಂದ ನನ್ನ ಕ್ರಮ ಇದು: ಮೊದಲು ನೆಟ್ ಕಿತ್ತು ಟಾಸ್ಕ್ ತೆಗೆ, ಆಮೇಲೆ ಪಾಲಿಸಿ, ಆಮೇಲೆ ಎಕ್ಸ್‌ಟೆನ್ಷನ್. ಆಡ್‌ವೇರ್ ಗುಡಿಸುವ ಪ್ರೋಗ್ರಾಂ ಆಡ್‌ಡಬ್ಲ್ಯೂಕ್ಲೀನರ್ ಕೊನೆಗೆ. ಬಹಳ ಜನ ಅದನ್ನೇ ಮೊದಲು ಓಡಿಸಿ ಕೈ ತೊಳೆದುಕೊಳ್ಳುತ್ತಾರೆ.

ಅಂದಹಾಗೆ, ನನಗೆ ಬರುವ ಇಂಥ ದೂರುಗಳಲ್ಲಿ ಅರ್ಧದಷ್ಟು ಆಡ್‌ವೇರೇ ಅಲ್ಲ. ಯಾವುದೋ ಸೈಟಿಗೆ ನೋಟಿಫಿಕೇಷನ್ 'ಅಲೋ' ಒತ್ತಿರುತ್ತಾರೆ, ಅಷ್ಟೇ. ಎರಡು ನಿಮಿಷದ ಕೆಲಸ, ನೂರು ರೂಪಾಯಿ ತಗೊಳ್ತೀನಿ. ಎಲ್ಲಿ ಒತ್ತಬೇಕು ಅಂತ ಗೊತ್ತಿರೋದಕ್ಕೆ ಆ ನೂರು.

ಸ್ವಚ್ಛ ಆದಮೇಲೆ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟ್, ಅಂದರೆ ಅಡ್ಮಿನ್ ಹಕ್ಕಿಲ್ಲದ ಖಾತೆ. ಇಲ್ಲೇ ಎಲ್ಲರೂ ಕೈ ಚೆಲ್ಲುವುದು, ಯಾಕಂದ್ರೆ ಹಳೇ ಪೇಜ್‌ಮೇಕರ್ ಅಡ್ಮಿನ್ ಹಕ್ಕು ಕೇಳುತ್ತದೆ. ಅದನ್ನೊಂದೇ ಅಡ್ಮಿನ್ ಆಗಿ ಓಡಿಸಿದರೆ ನುಡಿ ಕೀಬೋರ್ಡ್ ಅದರೊಳಗೆ ಕನ್ನಡ ಮೂಡಿಸುವುದಿಲ್ಲ. ಕೆಳಗಿನ ಹಕ್ಕಿನ ಪ್ರೋಗ್ರಾಂ ಮೇಲಿನದಕ್ಕೆ ಕೈ ಹಾಕದಂತೆ ವಿಂಡೋಸ್ ತಡೆಯುತ್ತದೆ. ಹಾಗಾಗಿ ಪ್ರೋಗ್ರಾಂಗೆ ಅಡ್ಮಿನ್ ಹಕ್ಕು ಬೇಡ, ಪೇಜ್‌ಮೇಕರ್ ಫೋಲ್ಡರ್‌ಗೆ ಮಾತ್ರ ಯೂಸರ್ಸ್‌ಗೆ (ಸಾಮಾನ್ಯ ಬಳಕೆದಾರರ ಗುಂಪು) 'ಮಾಡಿಫೈ', ಅಂದರೆ ತಿದ್ದುವ ಹಕ್ಕು ಕೊಡಿ. ಸಲೀಸಾಗಿ ನಡೆಯುತ್ತದೆ.

ಆಪ್‌ಡೇಟಾದಲ್ಲಿ ಕೂರುವ ಆಡ್‌ವೇರ್‌ಗೆ ಮಾತ್ರ ಸ್ಟ್ಯಾಂಡರ್ಡ್ ಅಕೌಂಟೂ ಅಡ್ಡ ಬರಲ್ಲ. ಅದಕ್ಕೆ ಬೇರೆ ಬೀಗ ಹಾಕುತ್ತೇನೆ. ಅದು ಇಲ್ಲಿ ಹೇಳಲ್ಲ, ಅನ್ನದ ಪ್ರಶ್ನೆ.

ಸ್ಪೈವೇರ್ ಆಡ್‌ವೇರ್‌ನಂತೆ ಕುಣಿಯುವುದಿಲ್ಲ, ಸದ್ದಿಲ್ಲದೆ ಮಾಹಿತಿ ಕದಿಯುತ್ತದೆ. ಆನ್‌ಲೈನ್ ಅರ್ಜಿ ಹಾಕುವ ಅಂಗಡಿಗಳಲ್ಲಿ ಗಿರಾಕಿಗಳ ಆಧಾರ್ ಪ್ರತಿ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲಾ ಬಿದ್ದಿರುತ್ತವೆ. ಪಾಸ್‌ವರ್ಡ್ ಉಳಿಸುವುದನ್ನೇ ಬಂದ್ ಮಾಡಿಸುತ್ತೇನೆ. ತಾನೇ ಶುರುವಾಗುವ ಪ್ರೋಗ್ರಾಂಗಳನ್ನೆಲ್ಲ ತೋರಿಸುವ ಆಟೋರನ್ಸ್‌ನಲ್ಲಿ ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿ, ತಯಾರಕರ ಡಿಜಿಟಲ್ ಸಹಿ ಇಲ್ಲದವನ್ನು ಒಂದೊಂದಾಗಿ ನೋಡುತ್ತೇನೆ. ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನಲ್ಲಿ ಬೇಡದ ಆ್ಯಪ್ ತಡೆಯುವ ಸ್ವಿಚ್ ಆನ್ ಇರಲೇಬೇಕು.

ನಡುವೆ ಬೇರೆ ಆಟಗಳನ್ನೂ ಆಡಿದ್ದೇನೆ. ಸೈಟುಗಳನ್ನು ಹೆಸರು ಬರೆದು ತಡೆಯಬಹುದಾದ ಹೋಸ್ಟ್ಸ್ ಫೈಲ್‌ನಲ್ಲಿ ಸಾವಿರಾರು ಸಾಲು ತುಂಬಿದೆ, ಹಳೇ ಮಷಿನ್ ಏದುಸಿರು ಬಿಟ್ಟಿತು. ರೂಟರ್‌ನಲ್ಲಿ ಡಿಎನ್ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) 94.140.14.14 ಹಾಕಿದ್ದು ಚೆನ್ನಾಗಿತ್ತು; ಅದು ಜಾಹೀರಾತು ತಡೆಯುವ ಆಡ್‌ಗಾರ್ಡ್‌ನದು, ಜಾಹೀರಾತು ಬಹಳ ತಗ್ಗಿತು. ಆದರೆ ನೆಟ್ ಕೊಡುವ ಹುಡುಗ ಬಂದು ರೀಸೆಟ್ ಮಾಡಿ ಹೋಗ್ತಾನೆ, ಅದಕ್ಕೆ ಈಗ ಮಷಿನ್‌ನಲ್ಲೇ ಹಾಕುತ್ತೇನೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಕೂಡ ಹಾಕಿ ನೋಡಿದೆ. ಪೇಜ್‌ಮೇಕರ್ ಇಲ್ಲ ಅಂದದ್ದೇ ತಡ, ಎರಡೇ ದಿನಕ್ಕೆ ತೆಗೆಸಿದರು.

ಈಗ ಇಡೀ ಕೆಲಸಕ್ಕೆ ಏಳೆಂಟು ನೂರು ತಗೊಳ್ತೀನಿ, ಆರು ತಿಂಗಳ ಗ್ಯಾರಂಟಿ. ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾಲೀಕರ ಕೈಗೇ ಕೊಡುತ್ತೇನೆ, ಆಪರೇಟರ್ ಹುಡುಗರಿಗೆ ಕೊಡಲ್ಲ. ಮಾಲೀಕರು ಆ ಚೀಟಿಯನ್ನು ಮಾನಿಟರ್‌ಗೇ ಅಂಟಿಸಿದ್ದು ಕಂಡರೆ ಗ್ಯಾರಂಟಿ ಅಲ್ಲಿಗೇ ಮುಗಿಯಿತು.