ಮೊದಲು ಮಣ್ಣು ನೋಡಿದೆ, ಆಮೇಲೆ ಮೆಟಲ್ ಡಿಟೆಕ್ಟರ್

ಮೆಟಲ್ ಡಿಟೆಕ್ಟರ್ ಕೊಳ್ಳುವ ಮುಂಚೆ ನಾನು ಎಲ್ಲೆಲ್ಲಿ ಹುಡುಕುತ್ತೇನೆ ಅಂತ ಹಾಳೆಯಲ್ಲಿ ಬರೆದುಕೊಂಡೆ. ಉತ್ತ ಹೊಲಗಳು, ಹಳೆಯ ಕಾಲುದಾರಿಗಳು, ಅಪರೂಪಕ್ಕೆ ಸಮುದ್ರದ ದಂಡೆ. ಬಜೆಟ್ ಮಧ್ಯಮ. ಆಟಿಕೆಯಂಥದ್ದು ಬೇಡ, ಪರಿಣತರ ದುಬಾರಿ ಯಂತ್ರ ಕೈಗೆಟುಕುವುದಿಲ್ಲ. ಈ ಹಾಳೆ ಇಲ್ಲದೆ ಮಾಡೆಲ್‌ಗಳನ್ನು ಹೋಲಿಸಲು ಕೂತಿದ್ದರೆ ತಲೆ ಕೆಟ್ಟುಹೋಗುತ್ತಿತ್ತು.

ಮಣ್ಣಿಗೆ ಯಾಕೆ ಇಷ್ಟು ಮಹತ್ವ ಅಂದರೆ, ಈ ಯಂತ್ರ ಕೆಲಸ ಮಾಡುವ ರೀತಿಯೇ ಹಾಗಿದೆ. ಕೋಲಿನ ತುದಿಯಲ್ಲಿ ತಂತಿ ಸುತ್ತಿದ ತಟ್ಟೆಯಂಥ ಭಾಗವೇ ಕಾಯಿಲ್. ಅದರ ಒಂದು ಸುತ್ತು ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಲೋಹ ಸಿಕ್ಕರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳು ಹುಟ್ಟುತ್ತವೆ, ಇನ್ನೊಂದು ಸುತ್ತು ಅದನ್ನು ಹಿಡಿಯುತ್ತದೆ, ಯಂತ್ರ ದನಿ ಮಾಡುತ್ತದೆ. ತೊಂದರೆ ಏನೆಂದರೆ, ಕಬ್ಬಿಣದ ಅಂಶ ಜಾಸ್ತಿ ಇರುವ ಮಣ್ಣೂ ಉತ್ತರ ಕೊಡುತ್ತದೆ. ಕೆಂಪು ಮಣ್ಣು, ಕಪ್ಪು ಮರಳು ಇರುವ ಕಡೆ ಇದು ಎದ್ದು ಕಾಣುತ್ತದೆ. ಆ ಸದ್ದನ್ನು ಕಳೆದು ತೋರಿಸುವುದೇ ಗ್ರೌಂಡ್ ಬ್ಯಾಲೆನ್ಸ್. ಕೆಲವು ಯಂತ್ರಗಳಲ್ಲಿ ಅದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಕೆಲವು ತಾವೇ ಹೊಂದಿಸಿಕೊಳ್ಳುತ್ತವೆ. ಇನ್ನು ಕೆಲವಲ್ಲಿ ಲೋಹವಿಲ್ಲದ ಜಾಗದಲ್ಲಿ ಗುಂಡಿ ಒತ್ತಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ನಾವೇ ಹೊಂದಿಸಬಹುದು. ನನ್ನ ಹೊಲಗಳು ಕೆಂಪು ಮಣ್ಣಿನವು. ಹಾಗಾಗಿ ಕೈಯಿಂದ ಹೊಂದಿಸಲು ಬರುವ ಯಂತ್ರವೇ ಬೇಕು ಅಂತ ಅಲ್ಲೇ ತೀರ್ಮಾನಿಸಿದೆ.

ಉಪ್ಪುನೀರಲ್ಲಿ ನೆನೆದ ಮರಳಿನ ಕಥೆ ಬೇರೆ. ಅದು ವಿದ್ಯುತ್ತನ್ನು ಸಾಗಿಸುತ್ತದೆ. ಫ್ರೀಕ್ವೆನ್ಸಿ ಅಂದರೆ ಕಾಯಿಲ್ ಕಳಿಸುವ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು. ಒಂದೇ ಫ್ರೀಕ್ವೆನ್ಸಿಯ ಯಂತ್ರ ಅಲ್ಲಿ ಸುಮ್ನೆ ಕಿರಿಚುತ್ತಲೇ ಇರುತ್ತದೆ. ಒಟ್ಟಿಗೇ ಹಲವು ಫ್ರೀಕ್ವೆನ್ಸಿ ಬಳಸುವ ಯಂತ್ರ ಅದನ್ನು ಚೆನ್ನಾಗಿ ನಿಭಾಯಿಸುತ್ತದೆ.

ಕೊನೆಗೆ ಮೂರು ಉಳಿದವು. ಗ್ಯಾರೆಟ್ ಏಸ್ 300, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್, ಮೈನ್‌ಲ್ಯಾಬ್ ವ್ಯಾಂಕ್ವಿಶ್ 440. ಏಸ್ 8 ಕಿಲೋಹರ್ಟ್ಜ್‌ನದು, ಕಲಿಯಲು ಬಹಳ ಸುಲಭ, ಆದರೆ ಗ್ರೌಂಡ್ ಬ್ಯಾಲೆನ್ಸ್ ನಮ್ಮ ಕೈಯಲ್ಲಿಲ್ಲ. ವ್ಯಾಂಕ್ವಿಶ್ ಹಲವು ಫ್ರೀಕ್ವೆನ್ಸಿಯದು, ದಂಡೆಗೆ ಇದೇ ಮೇಲು. ಆದರೆ ಅದರ ಕಾಯಿಲ್ ಮಾತ್ರ ನೀರಿಗೆ ತಡೆಯುತ್ತದೆ, ಪರದೆ, ಗುಂಡಿಗಳಿರುವ ಕಂಟ್ರೋಲ್ ಬಾಕ್ಸ್ ಅಲ್ಲ. ಸಿಂಪ್ಲೆಕ್ಸ್ 12 ಕಿಲೋಹರ್ಟ್ಜ್‌ನ ಒಂದೇ ಫ್ರೀಕ್ವೆನ್ಸಿಯದು. ಗ್ರೌಂಡ್ ಬ್ಯಾಲೆನ್ಸ್ ಕೈಯಿಂದ ಮಾಡಬಹುದು, 3 ಮೀಟರ್ ಆಳದ ನೀರಿಗೂ ಇಳಿಸಬಹುದು. ನಾನು ಸಿಂಪ್ಲೆಕ್ಸ್ ತಗೊಂಡೆ. ಮಳೆ ಬಂದರೂ ಭಯವಿಲ್ಲ. ದಂಡೆಗೆ ಹೋದಾಗ ಬೀಚ್ ಮೋಡ್ ಹಾಕಿ, ಸೆನ್ಸಿಟಿವಿಟಿ ಇಳಿಸಿ, ಹೆಚ್ಚಾಗಿ ಒಣ ಮರಳಲ್ಲೇ ಹುಡುಕುತ್ತೇನೆ. ವಾರವಾರ ಸಮುದ್ರಕ್ಕೆ ಹೋಗುವವನಾಗಿದ್ದರೆ ಎರಡನೇ ಯೋಚನೆ ಇಲ್ಲದೆ ಹಲವು ಫ್ರೀಕ್ವೆನ್ಸಿಯದನ್ನೇ ಕೊಳ್ಳುತ್ತಿದ್ದೆ.

ಆಳದ ಬಗ್ಗೆ ಜಾಹೀರಾತು ಹೇಳುವುದಕ್ಕೆ ನಾನು ಬೆಲೆ ಕೊಡಲಿಲ್ಲ. ಈ ಬೆಲೆಯ ಯಂತ್ರಗಳಲ್ಲಿ ನಾಣ್ಯದ ಗಾತ್ರದ ವಸ್ತು ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್ ಒಳಗೇ ಸಿಗುತ್ತದೆ, ಅದೂ ಮಣ್ಣು ಒಳ್ಳೆಯದಿದ್ದರೆ. ಅದಕ್ಕಿಂತ ನನಗೆ ಮುಖ್ಯವಾಗಿದ್ದು, ಕಬ್ಬಿಣದ ಕಸದ ಪಕ್ಕದಲ್ಲಿರುವ ಒಳ್ಳೆಯ ಲೋಹವನ್ನು ಯಂತ್ರ ಬೇರೆಯಾಗಿ ಹೇಳುತ್ತದಾ ಅನ್ನುವುದು. ಇದನ್ನು ನೋಡುವ ಪರೀಕ್ಷೆ ಸುಲಭ. ನೆಲದ ಮೇಲೆ ತುಕ್ಕು ಹಿಡಿದ ಮೊಳೆ ಇಡಿ, ಪಕ್ಕದಲ್ಲಿ ತಾಮ್ರದ ನಾಣ್ಯ ಇಡಿ, ಕಾಯಿಲನ್ನು ಬೇರೆ ಬೇರೆ ದಿಕ್ಕಿನಿಂದ ಆಡಿಸಿ. ನಾಣ್ಯದ ದನಿ ಮೊಳೆಯ ದನಿಯಲ್ಲಿ ಮುಳುಗಿಹೋದರೆ ಯಂತ್ರ ಹೊಲದಲ್ಲೂ ಹಾಗೇ ಮಾಡುತ್ತದೆ. ಇದನ್ನು ಬಯಲಿನಲ್ಲೇ ಮಾಡಬೇಕು. ಅಂಗಡಿಯ ಕಾಂಕ್ರೀಟ್ ನೆಲದ ಒಳಗೆ ಕಬ್ಬಿಣದ ಸರಳುಗಳಿರುತ್ತವೆ, ಅಲ್ಲಿ ಯಾವ ಯಂತ್ರವೂ ನಿಜ ಹೇಳುವುದಿಲ್ಲ.

ಬಜೆಟ್ ಪೂರ್ತಿ ಯಂತ್ರಕ್ಕೇ ಸುರಿಯಲಿಲ್ಲ. ಒಂದು ಪಾಲು ಪಿನ್‌ಪಾಯಿಂಟರ್‌ಗೆ ಎತ್ತಿಟ್ಟಿದ್ದೆ. ಅಂಗೈಯಲ್ಲಿ ಹಿಡಿಯುವ ಈ ಕಡ್ಡಿ ಇಲ್ಲದಿದ್ದರೆ ಮಣ್ಣಿನ ಹೆಂಟೆಯೊಳಗಿನ ಸಣ್ಣ ನಾಣ್ಯವನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ದುಬಾರಿ ಡಿಟೆಕ್ಟರ್ ಒಂದೇ ಕೊಳ್ಳುವುದಕ್ಕಿಂತ, ಸ್ವಲ್ಪ ಅಗ್ಗದ ಡಿಟೆಕ್ಟರ್ ಜೊತೆಗೆ ಒಳ್ಳೆಯ ಪಿನ್‌ಪಾಯಿಂಟರ್ ಇರುವುದೇ ವಾಸಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಗಟ್ಟಿ ಸಲಿಕೆ, ಹೆಡ್‌ಫೋನ್ ಕೂಡ ಬೇಕು. ಜಮೀನಿನವರ ಒಪ್ಪಿಗೆ ಇಲ್ಲದೆ ಎಲ್ಲೂ ಅಗೆಯಬೇಡಿ. ಸಂರಕ್ಷಿತ ಸ್ಮಾರಕಗಳ ಹತ್ತಿರ ಅಂತೂ ಹೋಗಲೇಬೇಡಿ.

ಇನ್ನು ಡಿಸ್ಕ್ರಿಮಿನೇಷನ್. ಬೇಡದ ಲೋಹಗಳನ್ನು ಯಂತ್ರಕ್ಕೆ ಹೇಳಿ ಸುಮ್ಮನಾಗಿಸುವ ಸೌಕರ್ಯ ಇದು. ನಾನು ಕಬ್ಬಿಣದ ದನಿಯನ್ನು ಸಣ್ಣದು ಮಾಡುತ್ತೇನೆ, ಬೇರೇನನ್ನೂ ಮುಚ್ಚುವುದಿಲ್ಲ. ತೆಳು ಚಿನ್ನದ ಉಂಗುರ, ಸಿಗರೇಟ್ ಪ್ಯಾಕಿನೊಳಗಿನ ಅಲ್ಯೂಮಿನಿಯಂ ಹಾಳೆ, ಪಾನೀಯದ ಡಬ್ಬಿಯ ಎಳೆಯುವ ಕೊಂಡಿ, ಇವು ಪರದೆಯ ಮೇಲೆ ಹತ್ತಿರ ಹತ್ತಿರದ ಅಂಕಿಗಳನ್ನೇ ತೋರಿಸುತ್ತವೆ. ಕೊಂಡಿ ಬೇಡ ಅಂತ ಆ ಅಂಕಿಗಳನ್ನು ಮುಚ್ಚಿದರೆ ಉಂಗುರವೂ ಹೋಯಿತು. ಅದಕ್ಕೇ ಎರಡನ್ನೂ ಅಗೆಯುತ್ತೇನೆ.