ಹಾಳೆತಟ್ಟೆ ಘಟಕ: ದಾಸ್ತಾನು ಹೆಚ್ಚಿಸಿ ಅಚ್ಚು ಬದಲಿಸುವುದನ್ನು ಕಡಿಮೆ ಮಾಡಿದ್ದು

ಶಿರಸಿ ಕಡೆಯ ನಮ್ಮ ಹಾಳೆತಟ್ಟೆ ಘಟಕದಲ್ಲಿ (ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವುದು) ಮೊದಲು ದಾಸ್ತಾನು ಕಮ್ಮಿ ಇಡುತ್ತಿದ್ದೆವು. ಉಳಿದದ್ದು ಬಡ್ಡಿ, ಹೋದದ್ದು ಮಷಿನ್ನಿನ ಹೊತ್ತು. ಫೋನ್ ಬಂದಾಗಲೆಲ್ಲ 12 ಇಂಚಿನ ಅಚ್ಚು ತಣಿಸಿ, ಕಳಚಿ, 10 ಇಂಚಿನದು ಕೂರಿಸಿ ಮತ್ತೆ ಕಾಯಿಸಬೇಕು. ಒಂದು ಸಲಕ್ಕೆ ಒಂದೂವರೆ ತಾಸು. ತಾಸಿಗೆ 200ರಂತೆ 300 ತಟ್ಟೆ ಖೋತಾ. ಅವಸರಕ್ಕೆ ಅರೆಕಾದ ಅಚ್ಚಿನಲ್ಲಿ ಒತ್ತಿದರೆ ಅಂಚು ಬಿಚ್ಚಿಕೊಳ್ಳುತ್ತದೆ.

ಈಗ ಎರಡು ವಾರದ ಕೆಲಸದ ಪಟ್ಟಿ ಬರೆದು ಗೋಡೆಗೆ ಹಚ್ಚುತ್ತೇವೆ, ಆಮೇಲೆ ಮುಟ್ಟುವುದಿಲ್ಲ. ತುರ್ತಿಗೆಂದು ಶನಿವಾರ ಅರ್ಧ ದಿನ ಖಾಲಿ. ನಡುವೆ ಬೇಡಿಕೆ ಏರಿದರೆ ದಾಸ್ತಾನಿನಿಂದಲೇ ಕೊಡಬೇಕು. ಇದಕ್ಕೆಷ್ಟು ಹೆಚ್ಚಿನ ಮಾಲು ಬೇಕು? ನಮ್ಮ 10 ಇಂಚಿನ ತಟ್ಟೆಯ ವಾರದ ಬೇಡಿಕೆಯ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಆಚೀಚೆ ಆಗುವ ಏರಿಳಿತದ ಅಳತೆ) 1,200. ನೂರಕ್ಕೆ 95 ಸಲ ಮಾಲು ತಪ್ಪಬಾರದೆಂದರೆ ಅದನ್ನು 1.65ರಿಂದಲೂ, ಕಾಯುವ ವಾರಗಳ ವರ್ಗಮೂಲದಿಂದಲೂ ಗುಣಿಸಬೇಕು. ಪಟ್ಟಿ ಒಂದು ವಾರ, ತಯಾರಿ ಒಂದು ವಾರ, ಒಟ್ಟು ಕಾಯುವುದು ಎರಡು ವಾರವಾದರೆ √2: ಸುಮಾರು 2,800 ತಟ್ಟೆ. ಪಟ್ಟಿ ಎರಡು ವಾರವಾದರೆ √3: ಸುಮಾರು 3,430. ಹೆಚ್ಚಾದದ್ದು ಬರೀ 630. ತಟ್ಟೆಗೆ ₹3 ಖರ್ಚು, ಶೇ. 12 ಬಡ್ಡಿ ಹಿಡಿದರೆ ವರ್ಷಕ್ಕೆ ₹227. ವರ್ಷದಲ್ಲಿ ಎರಡು ಸಲ ಅಚ್ಚು ಬದಲಿಸುವುದು ತಪ್ಪಿದರೂ ಅದು ಹುಟ್ಟುತ್ತದೆ.

ಆದರೆ ಒಂದು ವಾರದ ಏರಿಳಿತಕ್ಕೂ ಮುಂದಿನ ವಾರದ್ದಕ್ಕೂ ನಂಟಿಲ್ಲದಿದ್ದರೆ ಮಾತ್ರ ಈ ವರ್ಗಮೂಲ ಸರಿ. ಮದುವೆ ಹಂಗಾಮಿನಲ್ಲಿ ವಾರಗಳು ಒಟ್ಟಿಗೇ ಏರುತ್ತವೆ, ಆಷಾಢದಲ್ಲಿ ಒಟ್ಟಿಗೇ ಮಲಗುತ್ತವೆ. ಅದಕ್ಕೇ ಪಂಚಾಂಗ ಎದುರಿಟ್ಟುಕೊಂಡು ಹಂಗಾಮಿಗೊಂದು ಸರಾಸರಿ ತೆಗೆಯುತ್ತೇವೆ. ಎರಡು ವರ್ಷಕ್ಕೊಮ್ಮೆಯ ಮಾರಿಜಾತ್ರೆಯ ವಾರಗಳು ಈ ಲೆಕ್ಕಕ್ಕಿಲ್ಲ. 2,000 ಮೀರಿದ ಒಂದೇ ಮನೆಯ ಆರ್ಡರೂ ಅಷ್ಟೆ. ಮುಂಗಡ ಪಡೆದು ಬೇರೆಯೇ ಮಾಡಿಕೊಡುತ್ತೇವೆ. ಗಿರಾಕಿ ಕೇಳಿ, ಇಲ್ಲವೆಂದು ಕಳಿಸಿದ್ದನ್ನೂ ಪುಸ್ತಕದಲ್ಲಿ ಬರೆಯಬೇಕು. ಬರೇ ಮಾರಾಟ ನೋಡಿದರೆ ಮಾಲು ಮುಗಿದ ವಾರವೂ ಬೇಡಿಕೆ ಬಿದ್ದ ವಾರದಂತೆ ಕಾಣುತ್ತದೆ.

ಮಳೆಗಾಲದಲ್ಲಿ ಬಡ್ಡಿಗಿಂತ ದುಬಾರಿ ಬೂಷ್ಟು. ನೆನೆಸಿದ ಹಾಳೆಯನ್ನು ಒತ್ತುವುದರಿಂದ ತಟ್ಟೆಯಲ್ಲಿ ತುಸು ತೇವ ಉಳಿಯುತ್ತದೆ. ಆರಿಸದೆ ಪ್ಲಾಸ್ಟಿಕ್ ಸುತ್ತಿದರೆ ಕಟ್ಟೇ ಹಾಳು. ಆಗ ಸಿದ್ಧ ಮಾಲಾಗಿ ಇಡುವುದು ದಿನವೂ ಹೋಗುವ 10 ಇಂಚಿನದು ಮಾತ್ರ. ಉಳಿದದ್ದು ಅಟ್ಟದಲ್ಲಿ ಒಣಹಾಳೆಯಾಗಿಯೇ ಇರಲಿ, ಅದರಿಂದ ಬೇಕಾದ ಅಳತೆ ಆಗುತ್ತದೆ. ಅಗಲದ ಹಾಳೆಯನ್ನು ಮಾತ್ರ ಮೇ ತಿಂಗಳಲ್ಲೇ ಹೆಕ್ಕಿ ಬೇರೆ ಕಟ್ಟಬೇಕು. ಸಣ್ಣ ತಟ್ಟೆಗೆ ಅದನ್ನೇ ಮುಗಿಸಿದರೆ ಚೌತಿ ಹೊತ್ತಿಗೆ 12 ಇಂಚಿಗೆ ಹಾಳೆಯೇ ಸಿಗುವುದಿಲ್ಲ.